ಉಬ್ಬಿದ ಬ್ಯಾಟರಿಯೂ ಅದರ ವಂಶಾವಳಿಯೂ



ವಿದ್ಯುತ್ತಿನ ವಿಷಯದಲ್ಲಿ ನಮ್ಮ ಹುಲಿಕಲ್ ಸೀಮೆಯದು ವಿಚಿತ್ರ ಪರಿಸ್ಥಿತಿ. ಇಲ್ಲಿ ಸುರಿಯುವ ಮಳೆ ಮಾಣಿ ಜಲಾಶಯವನ್ನು ತುಂಬುತ್ತದೆ. ಆ ನೀರು ಘಟ್ಟದೊಳಗೆ ಧುಮುಕಿ ಹೊಸಂಗಡಿಯ ವರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್‌ವರೆಗೂ ವಿದ್ಯುತ್ತಾಗುತ್ತದೆ. ಆದರೆ ಅದೇ ಮಳೆಗೆ ಮರ ಉರುಳಿ ತಂತಿ ಹರಿದರೆ, ಸುತ್ತಲಿನ ಮನೆಗಳಿಗೆ ಬ್ಯಾಟರಿಯೇ ಗತಿ. ಹಾಗಾಗಿ ಮಲೆನಾಡಿಗರಿಗೂ ಬ್ಯಾಟರಿಗೂ ನಂಟು ಹಳೆಯದು. ತೋಟದ ದಾರಿಗೆ ಟಾರ್ಚು, ವಾರ್ತೆಗೆ ರೇಡಿಯೋ, 1987-88ರ ಭಾನುವಾರಗಳಲ್ಲಿ 'ರಾಮಾಯಣ' ಧಾರಾವಾಹಿಗೆ ಕಾರಿನ ಬ್ಯಾಟರಿ, ಬಳಿಕ ಯುಪಿಎಸ್, ಈಗ ಲ್ಯಾಪ್‌ಟಾಪು.

ಈ ಕುಟುಂಬದ ಮೂಲಪುರುಷ ಇಟಲಿಯ ವೋಲ್ಟಾ. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಣುಕುಗಳನ್ನಿಟ್ಟು ಪೇರಿಸಿದ ತನ್ನ ಸ್ತಂಭವನ್ನು ಆತ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಮುಖೇನ ತಿಳಿಸಿದನು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು ರಚಿಸಿದನು. 1866ರ ಲೆಕ್ಲಾಂಶೆಯ ಕೋಶದಿಂದ ನಮ್ಮ ಟಾರ್ಚಿನ ಸೆಲ್ಲು ಹುಟ್ಟಿತು. ಲಿಥಿಯಂ ಅಯಾನ್ ಬ್ಯಾಟರಿಗೆ 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಅಡಿಪಾಯ ಹಾಕಿದರು. 1980ರಲ್ಲಿ ಗುಡಿನಫ್, 1985ರಲ್ಲಿ ಜಪಾನಿನ ಯೋಶಿನೋ ಅದನ್ನು ಬೆಳೆಸಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ದೊರೆತಾಗ ಗುಡಿನಫ್ ಅವರಿಗೆ 97 ವರ್ಷ!

ಈ ಹೊಸ ಕುಡಿ ಹಗುರ, ಬಲಶಾಲಿ, ಆದರೆ ಮುಂಗೋಪಿ. 2006ರಲ್ಲಿ ಡೆಲ್ ಸಂಸ್ಥೆ ಬೆಂಕಿಯ ಭಯದಿಂದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆಗಿನ ಬ್ಯಾಟರಿಗಳೊಳಗೆ ಉಕ್ಕಿನ ಕವಚದ ದುಂಡು ಕೋಶಗಳಿದ್ದವು. ಬ್ಯಾಟರಿಯನ್ನು ಕೈಯಿಂದಲೇ ಕಳಚಬಹುದಿತ್ತು. ಯಂತ್ರಗಳು ತೆಳ್ಳಗಾದಂತೆ ಕೋಶಗಳು ಮೃದುವಾದ ಚೀಲಗಳೊಳಗೆ ಸೇರಿ, ಯಂತ್ರದ ಹೊಟ್ಟೆಯಲ್ಲಿ ಅಡಗಿದವು. ವಯಸ್ಸಾದಂತೆ ಒಳಗಿನ ದ್ರವ ವಿಘಟನೆಗೊಂಡು ಅನಿಲವಾಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಚೀಲ ಹಲಸಿನಹಣ್ಣಿನ ಹಪ್ಪಳದಂತೆ ಉಬ್ಬುತ್ತದೆ. ಬಿಸಿಯೂ, ಸದಾ ಪೂರ್ತಿ ಚಾರ್ಜಿನಲ್ಲಿಡುವುದೂ ಇದನ್ನು ತ್ವರೆಗೊಳಿಸುತ್ತವೆ. ಮಳೆಗಾಲದಲ್ಲಿ ಬಟ್ಟೆಯಂತೆ ಯಂತ್ರವನ್ನೂ ಹೊಡತಲಿನ ಬಳಿ ಬೆಚ್ಚಗಿಡುವವರು ಇದನ್ನು ಗಮನಿಸಬೇಕು.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪಿನ ಸ್ಪರ್ಶಫಲಕ ಮೇಲೆದ್ದು, ಮುಚ್ಚಳ ಸರಿಯಾಗಿ ಕೂರದಾಯಿತು. ಅದರೊಳಗೆ ನಿಮ್ಮ ಹತ್ತಾರು ತಂಡಗಳ ಶಾಲಾ ಭಾವಚಿತ್ರಗಳಿದ್ದವು. "ಇನ್ನೊಮ್ಮೆ ಚಾರ್ಜ್ ಮಾಡಿ ಚಿತ್ರಗಳನ್ನು ತೆಗೆದುಕೊಳ್ಳಿ" ಎಂದು ಹಿತೈಷಿಯೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಮರದ ಮೇಜಿನಿಂದ ಎತ್ತಿ ಜಗುಲಿಯ ಕಲ್ಲುಹಾಸಿನ ಮೇಲಿಟ್ಟೆನು. ಮರುದಿನ ಬಲ್ಲವರೊಬ್ಬರು ಬ್ಯಾಟರಿಯನ್ನು ಚುಚ್ಚದೆ, ಬಾಗಿಸದೆ, ಮೆಲ್ಲಗೆ ಬಿಡಿಸಿ ಒಣ ಮರಳಿನ ಡಬ್ಬಿಯಲ್ಲಿಟ್ಟರು. ಸ್ಮೃತಿಕೋಶವನ್ನು ಪ್ರತ್ಯೇಕವಾಗಿ ತೆಗೆದುದರಿಂದ ಚಿತ್ರಗಳೆಲ್ಲ ಉಳಿದವು.

ಉಬ್ಬನ್ನು ಒತ್ತಿ ಸರಿಪಡಿಸಲಾಗದು. ಸೂಜಿಯಿಂದ ಗಾಳಿ ತೆಗೆಯುವ ಸಾಹಸ ಬೆಂಕಿಗೆ ಆಹ್ವಾನ. ತೋಟದ ಗುಂಡಿಗೆ, ಹಳ್ಳಕ್ಕೆ, ಬೆಂಕಿಗೆ ಎಸೆಯಲೂಕೂಡದು. ಉರಿದರೆ ಹೊರಡುವುದು ವಿಷದ ಹೊಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು. ಮನೆಯ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ನಮ್ಮದು.

ಪರ ಊರುಗಳಲ್ಲಿರುವ ಮಕ್ಕಳು ತಮ್ಮ ಹಳೆಯ ಲ್ಯಾಪ್‌ಟಾಪನ್ನು ಪ್ರೀತಿಯಿಂದ ಊರಿನ ಹಿರಿಯರಿಗೆ ಕೊಟ್ಟುಹೋಗುವುದುಂಟು. ಮುಂದಿನ ಹಬ್ಬಕ್ಕೆ ಬಂದಾಗ ಅದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿರಿ. ಅಲುಗಾಡಿದರೆ, ಅದನ್ನು ಅಲ್ಲಿ ಬಿಟ್ಟು ಹೋಗಬೇಡಿರಿ.