ಸೂಕ್ಷ್ಮಪಾಚಿಯ ಸಸಾರಜನಕ: ಒಂದು ನಿರೀಕ್ಷೆಯ ಇತಿಹಾಸ

ಎರಡನೆಯ ಮಹಾಯುದ್ಧಾನಂತರದ ವರ್ಷಗಳಲ್ಲಿ, ಬೆಳೆಯುತ್ತಿದ್ದ ಜನಸಂಖ್ಯೆಗೆ ಅನ್ನವೆಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಕೆಲವು ವಿಜ್ಞಾನಿಗಳು ಕಂಡುಕೊಂಡ ಉತ್ತರವೆಂದರೆ ಕ್ಲೋರೆಲ್ಲಾ ಎಂಬ ಏಕಕೋಶದ ಹಸುರು ಪಾಚಿ. 1890ರಲ್ಲಿ ಡಚ್ ವಿಜ್ಞಾನಿ ಬೈಯೆರಿಂಕ್ ಇದಕ್ಕೆ ಹೆಸರಿಟ್ಟರು. 1919ರಲ್ಲಿ ಜರ್ಮನಿಯ ಆಟೋ ವಾರ್ಬುರ್ಗ್ ದ್ಯುತಿಸಂಶ್ಲೇಷಣೆಯ ಅಧ್ಯಯನಕ್ಕೆ ಇದನ್ನೇ ಬಳಸಿಕೊಂಡರು. ಪ್ರಯೋಗಶಾಲೆಯ ಈ ಜೀವಿ ಆಹಾರದ ಬೆಳೆಯಾಗಬಲ್ಲದೆಂಬ ನಿರೀಕ್ಷೆ ಹೇಗೆ ಹುಟ್ಟಿತು, ಏಕೆ ಕುಂದಿತು, ಯಾವ ರೂಪದಲ್ಲಿ ಮರಳಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಚರಿತ್ರೆಯಲ್ಲಿ 1949 ಮುಖ್ಯವಾದ ವರ್ಷ. ಅಮೆರಿಕದ ಕಾರ್ನೆಗಿ ಸಂಸ್ಥೆಯ ಸ್ಪೋರ್ ಮತ್ತು ಮಿಲ್ನರ್ ಎಂಬ ವಿದ್ವಾಂಸರು ಆ ವರ್ಷ ಪ್ರಕಟಿಸಿದ ಸಂಶೋಧನೆಯಿಂದ, ಬೆಳೆಸುವ ಪರಿಸ್ಥಿತಿ ಬದಲಾದಂತೆ ಈ ಪಾಚಿಯ ಸಸಾರಜನಕದ ಪ್ರಮಾಣವು ಸುಮಾರು ಶೇಕಡ 7ರಿಂದ 88ರವರೆಗೆ ವ್ಯತ್ಯಾಸಗೊಳ್ಳುವುದೆಂದು ವಿದಿತವಾಯಿತು. ನೀರಿನಲ್ಲಿ ಸಾರಜನಕದ ಲವಣಗಳು ಸಮೃದ್ಧವಾಗಿದ್ದರೆ ಕೋಶವು ಸಸಾರಜನಕವನ್ನು ಹೆಚ್ಚಾಗಿ ತಯಾರಿಸುತ್ತದೆ. ಆ ಲವಣಗಳು ತೀರಿ ಬೆಳಕು ಮಾತ್ರ ದೊರೆಯುತ್ತಿದ್ದರೆ ಕೊಬ್ಬನ್ನು ಕೂಡಿಡುತ್ತದೆ. ಎಂದಮೇಲೆ, ಸಸ್ಯದ ಸಹಜಗುಣವೆಂದು ಜನರು ಕೊಂಡಾಡಿದ್ದು ಬಹುಮಟ್ಟಿಗೆ ಅದನ್ನು ಬೆಳೆಸಿದ ತೊಟ್ಟಿಯ ಗುಣವಾಗಿತ್ತು.

1951ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್‌ನಲ್ಲಿ ಪ್ರಾಯೋಗಿಕ ಸ್ಥಾವರವೊಂದು ನಡೆಯಿತು. ಅದರ ಅನುಭವವನ್ನೊಳಗೊಂಡ, ಬರ್ಲೂ ಸಂಪಾದಿಸಿದ ಗ್ರಂಥವನ್ನು ಕಾರ್ನೆಗಿ ಸಂಸ್ಥೆ 1953ರಲ್ಲಿ ಹೊರತಂದಿತು. ತೊಡಕುಗಳು ಅಲ್ಲಿ ಸ್ಪಷ್ಟವಾದವು. ಪೂರ್ಣ ಬಿಸಿಲಿನ ಅಲ್ಪಾಂಶವನ್ನು ಮಾತ್ರ ಈ ಕೋಶಗಳು ಬಳಸಿಕೊಳ್ಳಬಲ್ಲವು; ಒತ್ತಾಗಿ ಬೆಳೆದರೆ ಮೇಲಿನ ಕೋಶಗಳ ನೆರಳು ಕೆಳಗಿನವುಗಳ ಮೇಲೆ ಬೀಳುತ್ತದೆ. ನೀರನ್ನು ಕಲಕುವುದು, ತಂಪಾಗಿಡುವುದು, ಇಂಗಾಲಾಮ್ಲವನ್ನು ಒದಗಿಸುವುದು, ಕೊನೆಗೆ ಪಾಚಿಯನ್ನು ಬೇರ್ಪಡಿಸಿ ಒಣಗಿಸುವುದು ಇವೆಲ್ಲಕ್ಕೂ ವೆಚ್ಚವುಂಟು. ಬಡವರ ಆಹಾರವಾಗಬೇಕಿದ್ದುದು ಬೇಳೆಕಾಳುಗಳಿಗಿಂತ ದುಬಾರಿಯಾಯಿತು.

ನಿರೀಕ್ಷೆಯು ಮರಳಿದ್ದು ವಂಶವಾಹಿ ತಂತ್ರದ ಮೂಲಕ. 1988ರಲ್ಲಿ ಕ್ಲಾಮಿಡೊಮೊನಾಸ್ ಎಂಬ ಮತ್ತೊಂದು ಪಾಚಿಯ ಕ್ಲೋರೋಪ್ಲಾಸ್ಟಿಗೆ, ಎಂದರೆ ಬೆಳಕನ್ನು ಹಿಡಿಯುವ ಹಸುರು ಅಂಗಕ್ಕೆ, ಲೋಹದ ಕಣಗಳ ಮೇಲೆ ಡಿ.ಎನ್.ಎ. ಲೇಪಿಸಿ ಸೇರಿಸುವುದು ಸಾಧ್ಯವಾಯಿತು. 2003ರಲ್ಲಿ ಅಮೆರಿಕದ ಮೇಫೀಲ್ಡ್ ಮತ್ತು ಸಹೋದ್ಯೋಗಿಗಳು ಅದೇ ಅಂಗದಲ್ಲಿ ಹರ್ಪಿಸ್ ವೈರಸಿನ ವಿರುದ್ಧದ ಪ್ರತಿಕಾಯವನ್ನು ತಯಾರಿಸಿದರು. ಆದರೆ ಅಲ್ಲಿಯೂ ಹಳೆಯ ನಿಯಮ ತಪ್ಪಲಿಲ್ಲ. ಕ್ಲೋರೋಪ್ಲಾಸ್ಟಿನ ಅನೇಕ ಸಸಾರಜನಕಗಳ ತಯಾರಿಕೆ ಬೆಳಕಿಗೆ ಅಧೀನವಾದುದು. ಇಳುವರಿಯನ್ನು ಹೆಚ್ಚಿಸಲು ವಿಜ್ಞಾನಿಗಳು ದ್ಯುತಿಸಂಶ್ಲೇಷಣೆಗೆ ಅವಶ್ಯವಾದ ಒಂದು ವಂಶವಾಹಿಯ ಸ್ಥಾನದಲ್ಲಿ ಪರಕೀಯ ವಂಶವಾಹಿಯನ್ನಿಟ್ಟಾಗ, ಆ ಪಾಚಿ ಬಿಸಿಲಿನಿಂದ ಬದುಕುವ ಶಕ್ತಿಯನ್ನೇ ಕಳೆದುಕೊಂಡಿತು; ಅದಕ್ಕೆ ಅಸಿಟೇಟನ್ನು ಉಣಿಸಬೇಕಾಯಿತು. ಬಿಸಿಲೊಂದೇ ಸಾಕೆಂದು ಹೊಗಳಿಸಿಕೊಂಡ ಜೀವಿಗೆ ಇಂಗಾಲವನ್ನು ಹೊರಗಿನಿಂದ ಒದಗಿಸುವ ಸ್ಥಿತಿ ಬಂದಿತು.

ಹೀಗೆ, ಅರ್ಧಶತಮಾನದ ಅಂತರದಲ್ಲಿ ನಡೆದ ಎರಡು ಪ್ರಯತ್ನಗಳೂ ಒಂದೇ ಪಾಠವನ್ನು ಹೇಳುತ್ತವೆ. ಬೀಜದ ಗುಣವೆಷ್ಟೇ ಉತ್ತಮವಾಗಿರಲಿ, ಫಲವನ್ನು ನಿರ್ಣಯಿಸುವುದರಲ್ಲಿ ನೆಲ, ನೀರು, ಬೆಳಕುಗಳ ಪಾತ್ರ ಹಿರಿದು. ಅವುಗಳ ಬೆಲೆಯನ್ನು ಯಾರು ತೆರಬೇಕೆಂಬುದು ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ.