ತಪ್ಪುಗಳ ಜನ್ಮವೃತ್ತಾಂತ

ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಕಂಠಪಾಠ ಮಾಡಿ ಇಂಗ್ಲಿಷ್ ಕಲಿತ ನಮ್ಮವರಿಗೆ ಆ ಭಾಷೆಯ ನಿಯಮಗಳೆಲ್ಲ ಅನಾದಿಸಿದ್ಧವಾದವೆಂದೇ ತೋರುವುದು ಸಹಜ. ಆದರೆ ಅವುಗಳಿಗೂ ಹುಟ್ಟಿದ ಕಾಲವುಂಟು, ಹುಟ್ಟಿಸಿದ ಕೈಯುಂಟು.

ಮುಂದೆ ಲಂಡನ್ನಿನ ಬಿಷಪ್ಪನಾದ, ಲ್ಯಾಟಿನ್ ಹೀಬ್ರೂಗಳಲ್ಲಿ ಪಾರಂಗತನಾದ ರಾಬರ್ಟ್ ಲೌತನು 1762ರಲ್ಲಿ ಒಂದು ಕಿರುವ್ಯಾಕರಣವನ್ನು ಪ್ರಕಟಿಸಿ, ಅದರ ಅಡಿಟಿಪ್ಪಣಿಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟರಂತಹ ಮಹಾಲೇಖಕರ ವಾಕ್ಯಗಳನ್ನೇ ದೋಷಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸಿದನು. ಚಾಸರನ ಕಾಲದಲ್ಲಿ 'ಇಲ್ಲ' ಎಂಬುದನ್ನು ಒತ್ತಿ ಹೇಳಲು ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಪದಗಳು ನಿಸ್ಸಂಕೋಚವಾಗಿ ಕೂಡಿಬರುತ್ತಿದ್ದವು. ಎರಡು ನಿಷೇಧಗಳು ಪರಸ್ಪರ ಕಳೆದುಹೋಗಿ 'ಹೌದು' ಎಂಬ ಅರ್ಥ ಉಳಿಯುವುದೆಂಬ ತರ್ಕನ್ಯಾಯವನ್ನು ಅನ್ವಯಿಸಿ ವೈಯಾಕರಣರು ಅದನ್ನು ದೋಷವೆಂದರು.

ಎಣಿಸಬಹುದಾದ ವಸ್ತುಗಳಿಗೆ 'ಲೆಸ್' ಸಲ್ಲದು, 'ಫ್ಯೂಯರ್' ಬೇಕೆಂಬ ನಿಯಮದ ಕಥೆ ಇನ್ನೂ ಸ್ವಾರಸ್ಯವುಳ್ಳದ್ದು. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಬರಹದಲ್ಲಿಯೇ ಎಣಿಕೆಗೆ ಸಲ್ಲುತ್ತಿದ್ದ ಆ ಶಬ್ದದ ಬದಲು 'ಫ್ಯೂಯರ್' ಎಂಬುದೇ ತನಗೆ ಹೆಚ್ಚು ಸೊಗಸಾಗಿ ತೋರುವುದೆಂದು 1770ರಲ್ಲಿ ರಾಬರ್ಟ್ ಬೇಕರನು ಬರೆದನು. ಒಬ್ಬನ ಅಭಿರುಚಿಯಾಗಿ ಮೊದಲಾದುದು ಕಾಲಾಂತರದಲ್ಲಿ ಎಲ್ಲರಿಗೂ ಶಾಸನವಾಯಿತು. ಇಂದು ವಿದ್ಯಾರ್ಥಿಗಳನ್ನು ಎಡೆಬಿಡದೆ ಕಾಡುವ 'ಇಟ್ಸ್' ಶಬ್ದವನ್ನು ನೋಡಿರಿ: 'ಅದರ' ಎಂಬ ಅರ್ಥದಲ್ಲಿ ಅದಕ್ಕೆ ಲೋಪಚಿಹ್ನೆ ಹಾಕುವುದು ಈಗ ತಪ್ಪು, ಆದರೆ ಹದಿನೆಂಟನೆಯ ಶತಮಾನದ ವಿದ್ಯಾವಂತರು ಹಾಗೆಯೇ ಬರೆಯುತ್ತಿದ್ದರು.

ಈ ನಿಯಮಗಳನ್ನು ಶಾಲೆಶಾಲೆಗೆ ಮುಟ್ಟಿಸಿದವರಲ್ಲಿ ಪ್ರಮುಖನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದು ಇಂಗ್ಲೆಂಡಿಗೆ ಬಂದು ನೆಲಸಿದ ಆತನು, ಯಾರ್ಕ್ ನಗರದ ಕ್ವೇಕರ್ ಬಾಲಿಕಾಶಾಲೆಗಾಗಿ ರಚಿಸಿ 1795ರಲ್ಲಿ ಹೊರತಂದ ವ್ಯಾಕರಣವು ಸಾಗರದ ಎರಡು ದಡಗಳಲ್ಲಿಯೂ ಮತ್ತೆ ಮತ್ತೆ ಅಚ್ಚಾಯಿತು.

ಇಲ್ಲಿ ನಮ್ಮ ಕೇಶಿರಾಜನ ನೆನಪಾಗದಿರದು. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಅವನು ಅಸಗ, ಪೊನ್ನ, ಪಂಪರೇ ಮೊದಲಾದ ಪೂರ್ವಕವಿಗಳ ಪ್ರಯೋಗವನ್ನೇ ಲಕ್ಷ್ಯವಾಗಿಟ್ಟುಕೊಂಡನು. ಕವಿಯ ಮಾತನ್ನು ಅವನು ಪ್ರಮಾಣವೆಂದು ಮುಂದಿಟ್ಟನು. ಲೌತನು ದೋಷಕ್ಕೆ ನಿದರ್ಶನವಾಗಿಯೂ ಮುಂದಿಟ್ಟನು.

ಬರಹದಲ್ಲಿ ಇಂದಿನ ಶಿಷ್ಟರೂಪವನ್ನು ಪಾಲಿಸುವುದು ಯುಕ್ತವೇ. ಆದರೆ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ: ಮಗುವಿನ ತಪ್ಪನ್ನು ತಿದ್ದುವಾಗ ಆ ನಿಯಮದ ಚರಿತ್ರೆಯನ್ನೂ ಹೇಳಿರಿ. ಷೇಕ್ಸ್‌ಪಿಯರನೂ ಮಾಡಿದ ತಪ್ಪಿಗಾಗಿ ಯಾವ ಮಗುವೂ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ.