ಗೇಟಿನಾಚೆ ಉಳಿದ ಮಗು: ಎಲ್ಲರಿಗೂ ಆಟದ ಅಂಗಳ ಬಂದ ಕತೆ

ಹೋದ ವರ್ಷ ನಮ್ಮ ಕಡೆಯ ಒಂದು ಪಾರ್ಕಿನ ಉದ್ಘಾಟನೆ ವರದಿ ಮಾಡಲು ಹೋಗಿದ್ದೆ. ಹೊಸ ಜಾರುಬಂಡಿ, ಉಯ್ಯಾಲೆ, ಬಣ್ಣದ ಬೆಂಚು, ಎಲ್ಲ ಇತ್ತು. ದನ ನುಗ್ಗಬಾರದೆಂದು ಬಾಗಿಲಲ್ಲಿ ಒಬ್ಬೊಬ್ಬರೇ ಸುತ್ತಿಕೊಂಡು ಹೋಗುವಂಥ ಕಬ್ಬಿಣದ ಕಂಬಿ ಹಾಕಿದ್ದರು. ವೀಲ್‌ಚೇರಿನಲ್ಲಿ ಬಂದ ಒಬ್ಬ ಹುಡುಗಿ ಆ ಕಂಬಿಯಾಚೆಯೇ ಉಳಿದಳು. ಅವಳ ತಮ್ಮ ಒಳಗೆ ಓಡಿದ. ತಾಯಿ ಅವಳ ಜೊತೆ ಹೊರಗೇ ನಿಂತರು. ನಾನು ಟೇಪು ಕತ್ತರಿಸುವ ಫೋಟೊ ಕಳಿಸಿದೆ, ಆ ಹುಡುಗಿಯ ವಿಷಯ ಬರೆಯಲಿಲ್ಲ. ಆ ಕೊರಗು ಉಳಿದದ್ದರಿಂದಲೇ ಈ ಇತಿಹಾಸ ಹುಡುಕಿ ಓದಿದೆ.

ಕತೆ ಶುರುವಾಗುವುದು ಡೆನ್ಮಾರ್ಕಿನಲ್ಲಿ. ಉದ್ಯಾನ ವಿನ್ಯಾಸಕಾರ ಸೊರೆನ್‌ಸೆನ್ ಮಕ್ಕಳಿಗಾಗಿ ಆಟದ ಮೈದಾನಗಳನ್ನು ಮಾಡಿಕೊಟ್ಟಿದ್ದರು. ಆದರೆ ಮಕ್ಕಳು ಅವನ್ನು ಬಿಟ್ಟು ಮನೆ ಕಟ್ಟುವ ಜಾಗದ ಮರಳು, ಹಲಗೆ, ಇಟ್ಟಿಗೆಗಳಲ್ಲೇ ಆಡುವುದು ಅವರ ಕಣ್ಣಿಗೆ ಬಿತ್ತು. ನಮ್ಮೂರಲ್ಲೂ ಮರಳಿನ ಲೋಡು ಬಿದ್ದ ಕಡೆ ಮಕ್ಕಳು ಸೇರುವುದಿಲ್ಲವೇ, ಹಾಗೆ! 1943ರಲ್ಲಿ ದೇಶ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ ಕೋಪನ್‌ಹೇಗನ್ ಬಳಿಯ ಎಮ್‌ಡ್ರುಪ್‌ನಲ್ಲಿ ಹಳೆ ಸಾಮಾನುಗಳನ್ನೇ ಇಟ್ಟು ಒಂದು ಆಟದಂಗಳ ತೆರೆದರು. ಮಕ್ಕಳೇ ಗುಡಿಸಲು ಕಟ್ಟಿದರು, ಗುಂಡಿ ತೋಡಿದರು.

1946ರಲ್ಲಿ ಅದನ್ನು ನೋಡಿದವರು ಇಂಗ್ಲೆಂಡಿನ ಮಾರ್ಜರಿ ಅಲೆನ್. ಅವರದೂ ಉದ್ಯಾನ ವಿನ್ಯಾಸದ ವೃತ್ತಿಯೇ. ಊರಿಗೆ ಮರಳಿದವರೇ, ಲಂಡನ್ನಿನಲ್ಲಿ ಬಾಂಬು ಬಿದ್ದು ಹಾಳಾದ ಜಾಗಗಳನ್ನು ಮಕ್ಕಳಿಗೆ ಕೊಡಿ ಎಂದು ಪತ್ರಿಕೆಯಲ್ಲಿ ಬರೆದರು. ಅಂಥ ಅಂಗಳಗಳು ಒಂದೊಂದಾಗಿ ತೆರೆದವು. ಆದರೂ ಕೆಲವು ಮಕ್ಕಳು ಅಲ್ಲಿಗೂ ಬರಲಾಗುತ್ತಿರಲಿಲ್ಲ. ನಡೆಯಲಾಗದವರು, ಕಣ್ಣು ಕಾಣದವರು, ಬುದ್ಧಿ ಬೆಳವಣಿಗೆ ನಿಧಾನವಾದವರು.

ಅವರಿಗಾಗಿ ಅಲೆನ್ ಮತ್ತೆ ಓಡಾಡಿದರು. 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ವಿಕಲಚೇತನ ಮಕ್ಕಳಿಗೆಂದೇ ಸಾಹಸದ ಆಟದಂಗಳ ತೆರೆಯಿತು. ಆಗ ಅಲೆನ್ ಅವರಿಗೆ ಎಪ್ಪತ್ತು ದಾಟಿತ್ತು. ಈ ಮಕ್ಕಳನ್ನು ಸುಮ್ಮನೆ ಕೂರಿಸಿ ಕಾಯುವುದಲ್ಲ, ಅವರೂ ಮಣ್ಣು ಮುಟ್ಟಬೇಕು, ಹತ್ತಬೇಕು, ಜಾರಬೇಕು ಎನ್ನುವುದು ಅವರ ಹಟ.

ಆದರೆ ಅದು ಪ್ರತ್ಯೇಕ ಜಾಗ. ಎಲ್ಲ ಮಕ್ಕಳೂ ಒಂದೇ ಪಾರ್ಕಿನಲ್ಲಿ ಆಡಬೇಕು ಎನ್ನುವುದು ಅದರ ಮುಂದಿನ ಹೆಜ್ಜೆ. ವಿಕಲಚೇತನ ಮಕ್ಕಳಿಗೂ ಉಳಿದವರಷ್ಟೇ ಆಡುವ ಅವಕಾಶ ಇರಬೇಕೆಂದು ವಿಶ್ವಸಂಸ್ಥೆಯ 2006ರ ಒಪ್ಪಂದ ಹೇಳಿತು. ಮರುವರ್ಷವೇ ಭಾರತ ಅದನ್ನು ಒಪ್ಪಿತು. ಸಾರ್ವಜನಿಕ ಜಾಗಗಳು ಎಲ್ಲರಿಗೂ ಬಳಸುವಂತಿರಬೇಕು ಎಂದು ನಮ್ಮ 2016ರ ಕಾಯ್ದೆಯೂ ಹೇಳುತ್ತದೆ.

ಕಾಯ್ದೆ ಬರುವ ಮೊದಲೇ ನಮ್ಮ ಬೆಂಗಳೂರಿನಲ್ಲಿ ಕೆಲಸ ಶುರುವಾಗಿತ್ತು. ವಿಶೇಷ ಅಗತ್ಯವಿರುವ ಮಕ್ಕಳ ತಂದೆತಾಯಿಗಳು ಸೇರಿ ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ, ಪಾಲಿಕೆಯ ಜೊತೆಗೂಡಿ ಕೋಲ್ಸ್ ಪಾರ್ಕಿನಂಥ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿತು. ಹೊಸ ಪಾರ್ಕಲ್ಲ, ಇದ್ದ ಪಾರ್ಕನ್ನೇ ಬದಲಿಸಿದ್ದು.

ಈ ಕತೆಯಲ್ಲಿ ನನಗೆ ಕಂಡದ್ದು ಒಂದೇ. ಸೊರೆನ್‌ಸೆನ್ ಮಕ್ಕಳು ಆಡುವುದನ್ನು ನೋಡಿದರು. ಅಲೆನ್ ಯಾರು ಬಂದಿಲ್ಲ ಎಂದು ನೋಡಿದರು. ಬೆಂಗಳೂರಿನ ತಂದೆತಾಯಿಗಳಿಗೆ ಅದು ತಮ್ಮ ಮನೆಯದೇ ಪಾಡು. ನಾವು ಮಾತ್ರ ಮೊದಲು ಸಾಮಾನು ತಂದು ನಿಲ್ಲಿಸುತ್ತೇವೆ.

ನಿಮ್ಮ ಪಂಚಾಯ್ತಿ ಪಾರ್ಕು ಮಾಡುವುದಾದರೆ ಗ್ರಾಮಸಭೆಯಲ್ಲಿ ಇಷ್ಟು ಕೇಳಿ. ಗೇಟು ಮೂರು ಅಡಿ ಅಗಲ ಇದೆಯೇ? ಮೆಟ್ಟಿಲಿರುವ ಕಡೆ ಇಳಿಜಾರು ದಾರಿ ಇದೆಯೇ? ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು, ಇಲ್ಲದಿದ್ದರೆ ಗಾಲಿ ತಳ್ಳುವುದು ಕಷ್ಟ. ಉಯ್ಯಾಲೆಗಳಲ್ಲಿ ಒಂದಕ್ಕಾದರೂ ಬೆನ್ನಿಗೆ ಆಸರೆ, ಬೆಲ್ಟು ಇದೆಯೇ? ಕುಳಿತೇ ಮುಟ್ಟುವ ಎತ್ತರದಲ್ಲಿ ಮರಳಿನ ತೊಟ್ಟಿ ಇದೆಯೇ? ಗೇಟಿನಿಂದ ಅಲ್ಲಿಯವರೆಗೆ ಗಾಲಿ ಹೂತುಹೋಗದ ಗಟ್ಟಿ ದಾರಿ ಇದೆಯೇ? ಕಟ್ಟುವ ಮುಂಚೆ ಯೋಚಿಸಿದರೆ ಖರ್ಚು ಕಡಿಮೆ, ಕಟ್ಟಿದ ಮೇಲೆ ಒಡೆಯುವುದೇ ದುಬಾರಿ.

ನಾನು ಹೋಗಿದ್ದ ಪಾರ್ಕಿನಲ್ಲಿ ಆ ಕಂಬಿ ಇವತ್ತಿಗೂ ಇದೆ. ದನ ತಡೆಯಲು ಅದು ಇರಲಿ. ಪಕ್ಕದಲ್ಲಿ ಚಿಲಕ ಹಾಕುವ ಇನ್ನೊಂದು ಗೇಟು ಇಟ್ಟರೆ ಆ ಹುಡುಗಿ ತಮ್ಮನ ಜೊತೆ ಒಳಗೆ ಹೋಗುತ್ತಾಳೆ. ಅಂದು ಬರೆಯದೆ ಬಿಟ್ಟ ಸುದ್ದಿ ಇದೇ.